ಕೈ ಮುಗಿದು ಬಿದ್ದ ಪತ್ತೇದಾರ

ಕಡ್ಡಿರಾಂಪುರ
೨೦ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ಅಪ್ಪಾ,

ನಿನ್ನ ಮಗ ಹಂಪೇಶನ ನಮಸ್ಕಾರ. ಮೊಣಕಾಲು ನೋವು ಈಗ ಹೇಗಿದೆ? ತೋರಣಗಲ್ಲಿನ ಧೂಳಿಗೆ ನಿನಗೆ ಕೆಮ್ಮು ಹಿಡಿದಿದೆ ಎಂದು ಹಾಲಸ್ವಾಮಿ ಮಾವ ಹೇಳಿದ. ಬಿಸಿನೀರು ಕುಡಿ. ಶೆಡ್ಡಿನ ಕಾವಲು ಎಂದು ಕೂತಲ್ಲೇ ಕೂರಬೇಡ, ನಡುನಡುವೆ ಎದ್ದು ತಿರುಗಾಡು ಎಂದು ಅವ್ವ ಹೇಳಿದ್ದಾಳೆ. ಅವ್ವ ಆರಾಮ ಇದ್ದಾಳೆ. ಹೊಳೆಯಲ್ಲಿ ನೀರು ಚೆನ್ನಾಗಿದೆ. ನಿನ್ನ ಹರಿಗೋಲಿಗೆ ಡಾಂಬರು ಬಳಿದಿದ್ದೇನೆ, ಒಂದು ಕಡೆ ದಪ್ಪ ಆಯಿತು, ನೀನಿದ್ದಿದ್ದರೆ ಬೈಯುತ್ತಿದ್ದೆ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹ್ಞೂಂ" ಅನ್ನುತ್ತಿ, ನಾನೂ "ಹ್ಞೂಂ" ಅನ್ನುತ್ತೇನೆ, ಅಷ್ಟರಲ್ಲಿ ಅವ್ವ ಕಸಿದುಕೊಳ್ಳುತ್ತಾಳೆ. ಐದನೇ ಕ್ಲಾಸಿನವರೆಗೆ ಕಲಿತ ಅಕ್ಷರ ನನ್ನ ಬಾಯಿಗಿಂತ ವಾಸಿ. ಇನ್ನು ಹೊಳೆಗೆ ಇಳಿಯುವುದಿಲ್ಲ ಎಂದು ನೀನು ಹೋಗಿ ಒಂದು ವರ್ಷವಾಯಿತು. ಮನೆಗೆ ಬಾ ಎಂದು ಕರೆಯಬೇಕು. ಕರೆಯುವ ಮುಂಚೆ ನನ್ನ ಒಂದು ತಪ್ಪು ಒಪ್ಪಿಕೊಳ್ಳಬೇಕು. ಅದು ಒಂದು ಸಿನಿಮಾದ ಸುದ್ದಿ. ಸಿಟ್ಟು ಬಂದರೂ ಕೊನೆಯವರೆಗೆ ಓದು.

ಕಳೆದ ಭಾನುವಾರ ಅವ್ವನನ್ನೂ ಹಾಲಸ್ವಾಮಿ ಮಾವನನ್ನೂ ಕರೆದುಕೊಂಡು ಹೊಸಪೇಟೆಗೆ ಹೋಗಿ 'ಪತ್ತೇದಾರ ಪರಪ್ಪ' ನೋಡಿದೆ. ವಿಗ್ರಹ ಕದ್ದವನನ್ನು ಹಿಡಿಯಲು ಹೊರಟ ಪತ್ತೇದಾರನ ಕಥೆ. ಪರಪ್ಪನಾಗಿರುವವರು ಅಂಜಿನಯ್ಯ, ನಮ್ಮ ಕಂಪ್ಲಿಯವರೇ. ಗಿಡ್ಡ ಆಳು, ಅಳತೆ ಮೀರಿದ ಕೋಟು, ಕಣ್ಣಿಗೆ ಭೂತಗನ್ನಡಿ. ಸಂಡೂರಿನ ಗುಡ್ಡದಲ್ಲಿ ಹೆಜ್ಜೆ ಗುರುತು ಹಿಡಿದು ಹೋಗುತ್ತಾರೆ, ಮಂಟಪ ಸುತ್ತಿ ಸುತ್ತಿ ತಮ್ಮದೇ ಹೆಜ್ಜೆಯ ಮೇಲೆ ಬರುತ್ತಾರೆ, "ಕಳ್ಳರು ಇಬ್ಬರಾದರು" ಎಂದು ಪೊಲೀಸ್ ಸಾಹೇಬರಿಗೆ ಫೋನ್ ಮಾಡುತ್ತಾರೆ. ಇನ್ನೊಂದು ಸುತ್ತು ಹಾಕಿ "ಮೂವರಾದರು" ಅನ್ನುತ್ತಾರೆ. ಅದಿರಿನ ಲಾರಿ ಹೋಗಿ ಎಲ್ಲರ ಮೇಲೂ ಕೆಂಪು ಧೂಳು ಕೂತಾಗ ಯಾರು ಯಾರೆಂದೇ ತಿಳಿಯದೆ ಸಾಹೇಬರಿಗೇ ಬೇಡಿ ಹಾಕುತ್ತಾರೆ. ಅವ್ವ ನಕ್ಕು ನಕ್ಕು ಸೆರಗು ಬಾಯಿಗೆ ತುರುಕಿಕೊಂಡಳು. ಮಾವ "ಏ ಯಕ್ಕ, ಉಸಿರು ತಗಾ, ಸಿನಿಮಾ ಇನ್ನಾ ಐತಿ" ಅಂದ.

ಆ ಸಿನಿಮಾದ ಹೊಳೆಯ ಭಾಗವನ್ನು ಜನವರಿಯಲ್ಲಿ ನಮ್ಮ ಹಂಪಿಯಲ್ಲೇ ತೆಗೆದರು. ಅಂಜಿನಯ್ಯನವರಿಗೆ ಹರಿಗೋಲು ಕಲಿಸಿದವನು ನಾನು. ಎಂಟು ದಿನ ಬೆಳಗ್ಗೆ ಐದೂವರೆಗೇ ಬಂದು ಹುಟ್ಟು ಹಿಡಿಯುತ್ತಿದ್ದರು. ಅಂಗೈ ಬೊಬ್ಬೆ ಎದ್ದರೂ ಬಿಡಲಿಲ್ಲ. ಹುಟ್ಟು ತಪ್ಪಾಗಿ ಹಾಕುವ ಪಾತ್ರಕ್ಕೆ ಇಷ್ಟು ಸರಿಯಾಗಿ ಯಾಕೆ ಕಲಿಯುತ್ತೀರಿ ಎಂದು ನನಗೆ ಕೇಳಬೇಕೆನಿಸಿತ್ತು, ಬಾಯಿ ಬರಲಿಲ್ಲ. ಅವರೇ ತಿಳಿದುಕೊಂಡು ಹೇಳಿದರು, "ಲೇ ಹಂಪೇಶ, ಸರಿ ಹಾಕಾಕ ಬಂದ್ರನ ತಪ್ಪು ನನ್ನ ಕೈಯಾಗ ಇರ್ತೈತಿ. ಇಲ್ಲಾಂದ್ರ ನಾ ತಪ್ಪಿನ ಕೈಯಾಗ ಇರ್ತೀನಿ." ಅಂಥ ದೊಡ್ಡ ನಟರು ನನ್ನ ಜೊತೆ ಬಂಡೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. ನಾನು ಮಾತಾಡದಿದ್ದರೆ ಅವರೂ ಸುಮ್ಮನಿರುತ್ತಿದ್ದರು, ನನಗೆ ಅದು ಹಿತವಾಗಿತ್ತು.

ಅವರು ನೀರಿಗೆ ಬೀಳುವ ದೃಶ್ಯ ಬಂತು. ಹನ್ನೊಂದು ಸಲ ಬಿದ್ದರು. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಡೈರೆಕ್ಟರ್ ಸಾಕೆಂದರು. ಅಂಜಿನಯ್ಯನವರಿಗೆ ಸಾಕಾಗಲಿಲ್ಲ. "ನೀರಾಗ ಕಲ್ಲು ಬಿದ್ದಂಗ ಐತಿ, ಮನುಷ್ಯ ಬಿದ್ದಂಗ ಇಲ್ಲ" ಅಂದರು. ನನ್ನ ಕಡೆ ತಿರುಗಿ, "ನೀ ನೋಡಿದ್ದು ಏನರ ಐತೇನಪ?" ಎಂದು ಕೇಳಿದರು.

ಅಪ್ಪಾ, ಆ ದಿನದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಇವತ್ತು ನಾನು ಎತ್ತುತ್ತೇನೆ. ಹೋದ ವರ್ಷ ದೀಪಾವಳಿ ರಜೆಯಲ್ಲಿ ಹರಿಗೋಲು ತುಂಬ ಪ್ರವಾಸಿಗಳು. ತಿರುವು ದಾಟಿದ್ದೇ ಗುಡಿಯ ಗೋಪುರ ಕಂಡಿತು. ಮೂವತ್ತು ವರ್ಷದಿಂದ ಮಾಡಿದ ಹಾಗೆ ನೀನು ಎದ್ದು ನಿಂತೆ, ಹುಟ್ಟನ್ನು ಕಂಕುಳಲ್ಲಿ ಸಿಕ್ಕಿಸಿ ಎರಡೂ ಕೈ ಜೋಡಿಸಿದೆ. ಅವತ್ತು ಸೆಳೆತ ಜಾಸ್ತಿ ಇತ್ತು. ಹರಿಗೋಲು ಗಿರ್ರನೆ ತಿರುಗಿತು, ನೀನೂ ತಿರುಗಿದೆ, ಗೋಪುರದ ಕಡೆಗೇ ಮುಖ ಇರಲೆಂದು ಇನ್ನೊಮ್ಮೆ ತಿರುಗಲು ಹೋಗಿ, ಮುಗಿದ ಕೈ ಬಿಡದೆ ನೀರಿಗೆ ಬಿದ್ದೆ. ಮುಳುಗುವಾಗಲೂ ಆ ಎರಡು ಕೈ ಮೇಲೇ ಇದ್ದವು. ಪ್ರವಾಸಿಯೊಬ್ಬ ತೆಗೆದ ವೀಡಿಯೋ ಎರಡೇ ದಿನಕ್ಕೆ ಊರೆಲ್ಲ ಸುತ್ತಿತು. "ಏನಪ ಮಾರೆಪ್ಪ, ಇವತ್ತು ಪೂಜಿ ನೀರಾಗೋ, ದಂಡಿಮ್ಯಾಲೋ" ಎಂದು ಚಹಾದಂಗಡಿಯಲ್ಲಿ ಕೇಳಿದರು. ಮರುದಿನ ನೀನು ಬ್ಯಾಗು ಹಿಡಿದು ಬಸ್ಸು ಹತ್ತಿದೆ.

ನಾನು ಅಂಜಿನಯ್ಯನವರ ಮುಂದೆ ಎದ್ದು ನಿಂತು ಅದನ್ನೇ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ. "ಯಾರಪ ಈ ಮನುಷ್ಯ?" ಅಂದರು. ನಾನು "ಯಾರೋ ಒಬ್ಬ ಅಂಬಿಗ, ಸಾರ್" ಅಂದೆ. ಇದೇ ನನ್ನ ತಪ್ಪು. ನಿನ್ನನ್ನು ಕೇಳದೆ ತೋರಿಸಿದ್ದು ಒಂದು, ನಮ್ಮಪ್ಪ ಎಂದು ಹೇಳದೆ ಹೋದದ್ದು ಅದಕ್ಕಿಂತ ದೊಡ್ಡದು.

ಭಾನುವಾರ ಥೇಟರಿನಲ್ಲಿ ಆ ದೃಶ್ಯ ಬಂದಾಗ ನಾನು ತಲೆ ತಗ್ಗಿಸಿ ಕೂತೆ. ಪರಪ್ಪ ಹರಿಗೋಲಿನಲ್ಲಿ ಕಳ್ಳನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾನೆ, ಇನ್ನೇನು ಹಿಡಿಯಬೇಕು, ಗೋಪುರ ಕಂಡಿತು. ಎಲ್ಲ ಬಿಟ್ಟು ಎದ್ದು ಕೈ ಮುಗಿದ, ತಿರುಗಿದ, ನಿನ್ನ ಹಾಗೆಯೇ ಬಿದ್ದ. ಥೇಟರು ಹಾರಿಹೋಗುವ ಹಾಗೆ ನಕ್ಕರು. ಆಮೇಲೆ ಮುಂದಿನ ಹರಿಗೋಲಿನ ಕಳ್ಳ ಹಿಂತಿರುಗಿ ನೋಡಿದ, ಅವನಿಗೂ ಗೋಪುರ ಕಂಡಿತು. ಅವನೂ ಎದ್ದ, ಕೈ ಮುಗಿದ, ಬಿದ್ದ. ತಲೆ ಎತ್ತಿ ನೋಡಿದೆ. ನಮ್ಮ ಸಾಲಿನ ಇಬ್ಬರು ಮುದುಕಿಯರು ನಗುತ್ತ ನಗುತ್ತಲೇ ಪರದೆಯ ಗೋಪುರಕ್ಕೆ ಕೈ ಮುಗಿದಿದ್ದರು. ಅವ್ವನ ಕೈಯೂ ಮುಗಿದಿತ್ತು, ಕಣ್ಣಲ್ಲಿ ನೀರಿತ್ತು. ಮೊಬೈಲಿನ ವೀಡಿಯೋದಲ್ಲಿ ನೀನು ಬಿದ್ದದ್ದೂ ಹೀಗೆಯೇ, ಅಪ್ಪಾ. ಆದರೆ ಅಲ್ಲಿ ಬರೀ ಬಿದ್ದದ್ದು ಕಂಡಿತ್ತು, ಅಂಜಿನಯ್ಯನವರಲ್ಲಿ ನೀನು ಯಾಕೆ ಬಿದ್ದೆ ಎಂಬುದೂ ಕಂಡಿತು. ಹನ್ನೊಂದು ಸಲ ಬಿದ್ದು ಅವರು ಹುಡುಕುತ್ತಿದ್ದದ್ದು ಅದನ್ನೇ.

ಹಿಂದಿನ ಸಾಲಿನವನೊಬ್ಬ "ಇಂಥಾದ್ದು ಎಲ್ಲಿಂದ ತಂದರಲೇ" ಅಂದ. ನನಗೇ ತಿಳಿಯದೆ ತಿರುಗಿ "ನಮ್ಮಪ್ಪಂದು ಅದು" ಅಂದೆ. ನಾಲ್ಕು ಜನ ನನ್ನನ್ನೇ ನೋಡಿದರು. ಕಿವಿ ಬಿಸಿಯಾಯಿತು, ಆದರೂ ಕೂತೇ ಇದ್ದೆ.

ತಪ್ಪು ನನ್ನದು, ಬೈದರೆ ಬೈ. ವೇಳೆಗೆ ಊಟ ಮಾಡು. ಅವ್ವ ನಿನ್ನನ್ನು ನೆನೆಯುತ್ತಿರುತ್ತಾಳೆ, ಅವಳು ಮಾಡಿದ ಶೇಂಗಾ ಹೋಳಿಗೆಯ ಡಬ್ಬಿ ಇದರ ಜೊತೆಗಿದೆ. ಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಮಗ,
ಹಂಪೇಶ

ತಾ.ಕ.: ಮಾವ ಹೊರಗೆ ಗಾಡಿ ಚಾಲೂ ಮಾಡಿ ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಸಿನಿಮಾ ಮುಗಿದ ಮೇಲೆ ಅಂಜಿನಯ್ಯನವರಿಗೆ ಫೋನ್ ಮಾಡಿ ಅದು ನಮ್ಮಪ್ಪ ಎಂದು ಹೇಳಿದೆ. ಅವರು, "ಇಪ್ಪತ್ನಾಕಕ್ಕ ಸೋಮವಾರ ಬರ್ತೀನಿ, ನಿಮ್ಮಪ್ಪಗ ಕೈ ಮುಗೀಬೇಕು, ಆಮ್ಯಾಗ ಅವ್ರ ಹರಿಗೋಲಿನಾಗ ಕುಂತು ಹೊಳಿ ದಾಟಬೇಕು. ಹುಟ್ಟು ಅವ್ರೇ ಹಾಕ್ತಾರೇನು?" ಎಂದು ಕೇಳಿದರು. ನಾನು ಹಾಕ್ತಾರ್ರಿ ಎಂದು ಹೇಳಿಬಿಟ್ಟೆ. ಈ ಸಲವೂ ನಿನ್ನನ್ನು ಕೇಳಲಿಲ್ಲ, ಆದರೂ ಅಷ್ಟರೊಳಗೆ ಮನೆಗೆ ಬಾ.