ಭಾಗ್ಯಶ್ರೀಗೆ ನಾಲ್ಕನೆಯ ಬಾರಿ

೧೨ ನವೆಂಬರ್ ೨೦೨೫, ಬುಧವಾರ. ಇಂದು ಕಾಡುಗೋಡಿಯಲ್ಲಿ ನಾನು ಮಾಡಿದ್ದನ್ನು, ಸಮರ್ಥನೆಗೆ ಇಳಿಯದೆ, ಬರೆದಿಡುವುದಷ್ಟೇ ಈ ಪುಟದ ಉದ್ದೇಶ.

ಭಾಗ್ಯಶ್ರೀಗೆ ಎಂಟು ವರ್ಷ. ಮಾರ್ಚಿನಲ್ಲಿ ಅವಳ ಅಪ್ಪ ಗಾರೆ ಕೆಲಸದಲ್ಲಿದ್ದಾಗ ನಾಲ್ಕನೆಯ ಮಹಡಿಯಿಂದ ಅವಳ ಕಣ್ಣೆದುರೇ ಬಿದ್ದು ಸತ್ತ. ಮಕ್ಕಳ ಮನಸ್ಸಿನ ಗಾಯವನ್ನು ಅಳೆಯಲೆಂದು ನಾನು ರಚಿಸಿದ ಪ್ರಶ್ನಾವಳಿಗೆ ನಮ್ಮ ಸಮಾಜಕಾರ್ಯ ಎಂ.ಎ. ತರಗತಿಯಲ್ಲೇ ಅತ್ಯಧಿಕ ಅಂಕ ಬಂದಿತ್ತು. ಅದನ್ನು ಹಿಡಿದು ಅವಳ ಮುಂದೆ ಕುಳಿತೆ. ಮಗು ಪಾಠ ಒಪ್ಪಿಸುವಂತೆ ಎಲ್ಲವನ್ನೂ ಹೇಳಿತು. ಆಮೇಲೆ ಕೇಳಿತು: "ಅಕ್ಕಾರ, ಈಗ ಅಳಬೇಕೇನ್ರಿ? ಹಿಂದ ಬಂದ ಮೇಡಮ್ಮೋರು ಅತ್ತಾಗನ ಫೋಟೋ ತಗದ್ರು."

ನನಗಿಂತ ಮೊದಲು ಮೂರು ಸಂಸ್ಥೆಗಳವರು ಬಂದಿದ್ದರಂತೆ. ಯಾರೂ ಮತ್ತೆ ಬಂದಿಲ್ಲ.

ತಾಯಿ-ಮಗಳು ಇರುವ ಬಾಡಿಗೆ ಕೋಣೆಗಳ ಒಡತಿ ಬೈರಮ್ಮ ಅವರೆಕಾಯಿ ಸುಲಿಯುತ್ತಲೇ ಹೇಳಿದರು: "ನೀವ್ ಇಂಗ್ ಬಂದು ಕೇಳ್ಕಂಡ್ ಓದ ದಿನ ಮಗು ನಿದ್ದೇಲಿ ಕಿರುಚ್ಕೊಂತದೆ. ಅವ್ಳವ್ವ ಕೆಲ್ಸದಿಂದ ಬರೋಗಂಟ ನನ್ ತಾವೇ ಕಾಯಿ ಸುಲೀತಾ ಕುಂತಿರ್ತದೆ, ನಗ್ತದೆ. ಅದ್ನೂ ಬರ್ಕಳವ್ವ." ನನ್ನ ಪ್ರಶ್ನಾವಳಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಸಂಜೆ, ನಾನು ಕಳುಹಿಸಿದ ಟಿಪ್ಪಣಿ ಓದಿ, ನನಗೆ ಅಂತಿಮ ಅಂಕ ನೀಡಬೇಕಾದ ಪರಮಾನಂದ ಸರ್ ಫೋನ್ ಮಾಡಿದರು. "ತುಂಬಾ ಸ್ಟ್ರಾಂಗ್ ಕೇಸ್ ಕಣಮ್ಮ. ಶುಕ್ರವಾರ ಮಕ್ಕಳ ದಿನಾಚರಣೆಗೆ ಕರ್ಕೊಂಡ್ ಬಾ. ಪಾಲಿಸಿ ಮಾಡೋರೆಲ್ಲ ಬರ್ತಾರೆ, ಸ್ಟೇಜ್ ಮೇಲೆ ಅವಳೇ ಹೇಳ್ಲಿ."

"ಆಗಲಿ ಸರ್" ಎಂದೆ. ನಾನೇ. ಚಿನ್ನದ ಪದಕ ನನ್ನದೇ ಎಂದು ನಂಬಿರುವ ನಾನು. ಎರಡು ಸಲ ಬಾಯಿ ಮುಕ್ಕಳಿಸಿದರೂ ಆ ಮಾತಿನ ಹೇಸಿಗೆ ಹೋಗುತ್ತಿಲ್ಲ.

ಈಗಷ್ಟೇ ಅವರಿಗೆ ಸಂದೇಶ ಕಳುಹಿಸಿದೆ. ಭಾಗ್ಯಶ್ರೀಯನ್ನು ನಾನು ಕರೆತರುವುದಿಲ್ಲ.