ಸೋಮನಿಂಗನನ್ನು ಇನ್ನಾದರೂ ಕೆಳಗಿಳಿಸಿ

ಉಮದಿ
ತಾ. ೧೨ ಡಿಸೆಂಬರ್ ೧೯೫೬

ಬಿಳೂರ ಫುಟ್‌ಬಾಲ್ ಸಂಘದ ಕ್ಯಾಪ್ಟನ್, ನನ್ನ ಯಜಮಾನರಾದ ಶ್ರೀಶೈಲಪ್ಪನವರಿಗೆ ಗುರವ್ವಳ ಶರಣು ಶರಣಾರ್ಥಿ.

ನಾನು ಇಲ್ಲಿ ಸೋದರತ್ತೆ ಹಾಲವ್ವನ ಮನೆಯಲ್ಲಿ ಕ್ಷೇಮವಾಗಿದ್ದೇನೆ. ನೀವು, ನಿಮ್ಮ ತಾಯಿಯವರು, ಮೊನ್ನೆ ಈದಿತೆಂದು ಕೇಳಿದ ಕೆಂದಾಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಗಂಡನ ಹೆಸರನ್ನು ಹೀಗೆ ಇಡಿಯಾಗಿ ಬರೆದಳಲ್ಲ ಎಂದು ಹುಬ್ಬೇರಿಸಬೇಡಿ. ಮದುವೆಯ ದಿನ ಹೊಸ್ತಿಲಲ್ಲಿ ತಡೆದು ಒಡಪು ಹೇಳಿಸಿದಾಗ ಒಮ್ಮೆ ನಿಮ್ಮ ಹೆಸರು ಹೇಳಿದ್ದೆ, ಅದರಲ್ಲೂ ಅರ್ಧ ನುಂಗಿದ್ದೆ. ಅವತ್ತಿನ ಬಾಕಿ ಅರ್ಧವನ್ನು ಇವತ್ತು ಸೇರಿಸಿದ್ದೇನೆ ಎಂದುಕೊಳ್ಳಿ.

ನಿಮ್ಮ ಪತ್ರ ಮುಟ್ಟಿತು. ಬರುವ ಜನವರಿ ಆರಕ್ಕೆ ನನ್ನ ತಮ್ಮ ಸೋಮನಿಂಗ ಆಡಿದ ಕೊನೆಯ ಆಟಕ್ಕೆ ಐದು ವರ್ಷ ತುಂಬುತ್ತದೆ, ಮೈದಾನದಲ್ಲಿ ಅವನ ಹೆಸರಿನ ಕಲ್ಲು ನಿಲ್ಲಿಸುತ್ತೇವೆ, ಒಡಹುಟ್ಟಿದ ಅಕ್ಕ ಬಂದು ಆರತಿ ಎತ್ತಬೇಕು, ಅವನ ಹಳದಿ ಅಂಗಿಯನ್ನೂ ತರಬೇಕು, ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಸಂಘದ ಕೋಣೆಯಲ್ಲಿ ಇಡುತ್ತೇವೆ ಎಂದು ಬರೆದಿದ್ದೀರಿ. ಕಟ್ಟಕಡೆಯ ಸಾಲಿನಲ್ಲಿ, ಸಿಟ್ಟು ಬಿಟ್ಟು ಮನೆಗೆ ಬಾ ಎಂದೂ ಇದೆ. ಅಂಗಿಯ ನಂತರವಾದರೂ ಹೆಂಡತಿಯ ನೆನಪಾಯಿತಲ್ಲ, ಸಂತೋಷ.

ಸತ್ತ ಆಟಗಾರನನ್ನು ನೆನೆಯುವುದನ್ನು ಬಿಳೂರಿನವರಿಂದ ಕಲಿಯಬೇಕು ಎಂದು ಇಲ್ಲಿ ಉಮದಿಯಲ್ಲೂ ಜನ ಮಾತಾಡುತ್ತಾರೆ. ಅವತ್ತಿನ ದಿನ ನೀವು ಹತ್ತೇ ಜನ ಆಡುತ್ತೀರಂತೆ. ಎಡಗಡೆ ಅವನು ಓಡುತ್ತಿದ್ದ ಜಾಗ ಖಾಲಿ ಬಿಡುತ್ತೀರಂತೆ. ಚೆಂಡು ಅತ್ತ ಉರುಳಿದರೆ ಎದುರಿನವರೂ ಮುಟ್ಟದೆ, ತಾನಾಗಿ ಗೆರೆ ದಾಟುವವರೆಗೆ ಸುಮ್ಮನೆ ನಿಲ್ಲುತ್ತಾರಂತೆ. ಮೊದಲ ಗೋಲು ಯಾರೇ ಹೊಡೆಯಲಿ, ಹಲಗೆಯ ಮೇಲೆ ಸೋಮನಿಂಗನ ಹೆಸರು ಬರೆಯುತ್ತೀರಂತೆ. ಗುಡಿಯ ಓಣಿಯಲ್ಲಿ ‘ಸೋಮನಿಂಗಾ, ಉಣ್ಣಾಕ ಬಾರೋ’ ಎಂದು ಕೂಗಿದರೆ ಈಗ ಮೂರು ಕೂಸುಗಳು ಓಡಿ ಬರುತ್ತವೆ ಎಂದು ಕೇಳಿ ನಾನು ನಕ್ಕೆ, ಆಮೇಲೆ ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ. ಹನ್ನೊಂದು ಜನರ ಆ ಪ್ರೀತಿ ಸುಳ್ಳಲ್ಲ. ಅದರ ಮೇಲೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಆಟ ಮುಗಿದ ಮೇಲೆ ಅವನ ಫೋಟೋವನ್ನು ಹೆಗಲ ಮೇಲೆ ಹೊತ್ತು, ಹಲಗೆ ಬಾರಿಸುತ್ತ, ಅವತ್ತು ಅವನನ್ನು ಹೊತ್ತ ದಾರಿಯಲ್ಲೇ ಊರು ಸುತ್ತಿ ಬಸವಣ್ಣನ ಗುಡಿಗೆ ಒಯ್ಯುತ್ತೀರಿ. ಅದನ್ನು ನೋಡಲಾರದೆ ನಾನು ನಾಲ್ಕು ವರ್ಷವೂ ಬರಲಿಲ್ಲ. ಅತ್ತೆಗೆ ಕಾಲುನೋವು ಎಂದು ಹೇಳಿ ಕಳಿಸುತ್ತಿದ್ದೆ. ಅದು ಸುಳ್ಳು. ಹಾಲವ್ವತ್ತೆ ಈಗಲೂ ಉಮದಿಯ ಸಂತೆಯನ್ನು ಎರಡು ಸಲ ಸುತ್ತಿ, ಮೂರನೆಯ ಸಲ ಬದನೆಕಾಯಿಯವಳ ಜೊತೆ ಜಗಳ ತೆಗೆದು ಬರುತ್ತಾಳೆ. ನಾನು ನಿಮ್ಮ ಮನೆ ಬಿಟ್ಟು ಬಂದದ್ದು ಅವಳ ಕಾಲಿಗಾಗಿ ಅಲ್ಲ, ನಿಮ್ಮ ಮೇಲಿನ ಸಿಟ್ಟಿಗೂ ಅಲ್ಲ. ನನ್ನ ಮೇಲಿನ ಹೇಸಿಗೆಯಿಂದ ಬಂದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಆ ದಿನ ನಿಮಗೆ ನೆನಪಿರಬೇಕು. ಒಂಬತ್ತು ವರ್ಷ ಜತ್ತಿನವರ ಕೈಯಲ್ಲಿ ಸೋತ ಬಿಳೂರು ಅವತ್ತು ಜತ್ತಿನ ಮೈದಾನದಲ್ಲೇ ಮೊದಲ ಸಲ ಗೆದ್ದಿತು. ಗೆಲ್ಲಿಸಿದವನು ಹತ್ತೊಂಬತ್ತು ವರ್ಷದ ನನ್ನ ತಮ್ಮ. ತಂದೆತಾಯಿ ಇಲ್ಲದ ಹುಡುಗ, ನನ್ನ ಮದುವೆಯ ಗಂಟುಮೂಟೆಯ ಜೊತೆ ಚಕ್ಕಡಿಯಲ್ಲಿ ಕುಳಿತು ನಿಮ್ಮ ಮನೆಗೆ ಬಂದವನು. ಅವನ ಕಾಲಿಗೆ ಚೆಂಡು ಕೊಟ್ಟವರು ನೀವೇ, ಅದನ್ನು ನಾನು ಮರೆತಿಲ್ಲ. ಆಟದ ನಡುವೆ ಜತ್ತಿನ ತಂಡದ ಅಪ್ಪಾಸಾಬನ ಮೊಣಕಾಲು ಅವನ ಪಕ್ಕೆಲುಬಿನ ಕೆಳಗೆ ಬಡಿಯಿತು. ಬಿದ್ದ, ಎದ್ದ, ಗೋಲು ಹೊಡೆದ. ಸಂಜೆ ನೀವೆಲ್ಲ ಚಕ್ಕಡಿಯಲ್ಲಿ ಊರ ಸೀಮೆಗೆ ಬಂದಿಳಿದಿರಿ, ಅವನನ್ನು ಹೆಗಲಿಗೇರಿಸಿದಿರಿ.

ಗೆದ್ದವನನ್ನು ಸೀಮೆಯಲ್ಲಿ ಎತ್ತಿದರೆ ಗುಡಿ ಮುಟ್ಟುವ ತನಕ ಇಳಿಸಬಾರದು, ನಡುದಾರಿಯಲ್ಲಿ ಇಳಿಸಿದರೆ ಗೆದ್ದದ್ದು ಉಳಿಯುವುದಿಲ್ಲ. ಇದು ನಮ್ಮ ಊರಿನ ಹಳೆಯ ನಂಬಿಕೆ. ಕುಸ್ತಿಯವರಿಗೆ ಇದ್ದದ್ದು ಫುಟ್‌ಬಾಲಿಗೂ ಬಂತು. ಮನೆ ಮನೆಯ ಮುಂದೆ ನಿಲ್ಲಿಸಿ ಆರತಿ, ಬಾಯಿಗೆ ಬೆಲ್ಲ, ತಲೆಗೆ ಗುಲಾಲು. ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಎರಡು ತಾಸು ಆಗಿತ್ತು. ನಾನು ಆರತಿ ಎತ್ತಿದೆ. ಗುಲಾಲಿನ ಕೆಳಗೆ ಅವನ ಮುಖ ಬೂದಿಯಂತೆ ಬಿಳಚಿತ್ತು. ಬಾಗಿ ನನ್ನ ಕಿವಿಯಲ್ಲಿ ‘ಅಕ್ಕಾ, ಹೊಟ್ಟಿ ಭಾಳ ನೋಯಾಕತ್ತೇತಿ, ಕೆಳಗ ಇಳಸಾಕ ಮಾಮಾಗ ಹೇಳ’ ಎಂದ. ನಾನು ನಿಮ್ಮ ಮುಖ ನೋಡಿದೆ. ನೀವು ನಕ್ಕು, ‘ಡಾಕ್ಟರು ನೋಡ್ಯಾರ, ಏನೂ ಆಗಿಲ್ಲ ಅಂದಾರ. ಹುಡುಗಗ ನಾಚಿಕಿ, ಅಷ್ಟ’ ಎಂದಿರಿ. ನಾನೂ ನಕ್ಕೆ. ಅವನ ಬಾಯಿಗೆ ಬೆಲ್ಲ ತುರುಕಿ ಮುಂದೆ ಕಳಿಸಿದೆ.

ಗುಡಿಯ ಮುಂದೆ ಊರ ಗೌಡರು ನಿಮ್ಮ ತಲೆಗೆ ಜರಿಯ ರುಮಾಲು ಸುತ್ತಿದರು. ಮರುದಿನ ಹೊತ್ತು ಹುಟ್ಟುವ ಮೊದಲೇ ಸೋಮನಿಂಗ ಹೋದ.

ಐದು ವರ್ಷ ಆ ಬೆಲ್ಲ ನನ್ನ ಬೆರಳಿಗೆ ಅಂಟಿಕೊಂಡೇ ಇತ್ತು. ನಾನು ಒಮ್ಮೆ ‘ಇಳಿಸಿರಿ’ ಎಂದು ಕೂಗಿದ್ದರೆ, ಊರು ನನ್ನನ್ನು ಅಪಶಕುನದವಳು ಎನ್ನುತ್ತಿತ್ತು, ತಮ್ಮ ಉಳಿಯುತ್ತಿದ್ದನೋ ಏನೋ. ಉಳಿದ ಪಾಪವನ್ನೆಲ್ಲ ಅಪ್ಪಾಸಾಬನ ತಲೆಗೆ ಕಟ್ಟಿದೆ. ಕಟ್ಟಿದವಳು ನಾನೊಬ್ಬಳೇ ಅಲ್ಲ. ಮಣ್ಣು ಕೊಟ್ಟ ಜಾಗದಲ್ಲಿ ನೀವೇ ಎದೆ ಬಡಿದುಕೊಂಡು, ‘ಆ ಕುರಿ ಕಾಯಾವನ ಮೊಣಕಾಲ ನಮ್ಮ ಹುಡುಗನ್ನ ತಿಂತು’ ಎಂದಿರಿ. ಊರು ಅದನ್ನೇ ಹಿಡಿಯಿತು. ಬಿಳೂರಿನ ಹೊಲಗಳಲ್ಲಿ ಗೊಬ್ಬರಕ್ಕೆಂದು ಅವನ ಮನೆಯವರ ಕುರಿ ತರುಬಬಾರದೆಂದು ಕಟ್ಟಳೆ ಮಾಡಿದಿರಿ. ಅವನಿಗೆ ಮದುವೆ ಗೊತ್ತಾಗಿದ್ದ ಹೆಣ್ಣನ್ನು, ಕೊಲೆಗಡುಕನಿಗೆ ಕೊಡುವುದಿಲ್ಲವೆಂದು ಬೇರೆಯವನಿಗೆ ಕೊಟ್ಟರು. ಅವನು ಅಂದಿನಿಂದ ಚೆಂಡು ಮುಟ್ಟಿಲ್ಲ.

ಹೋದ ತಿಂಗಳು ಅತ್ತೆ ತನ್ನ ಹೊಲದಲ್ಲಿ ಕುರಿ ತರುಬಲು ಒಬ್ಬನನ್ನು ಗೊತ್ತು ಮಾಡಿದಳು. ಬುತ್ತಿ ಕೊಡಲು ಹೋದರೆ ಅಪ್ಪಾಸಾಬ. ನಾನು ಬುತ್ತಿ ನೆಲಕ್ಕೆ ಬಿಟ್ಟು ಕೈಗೆ ಸಿಕ್ಕ ಮಣ್ಣಿನ ಹೆಂಟೆ ಎಸೆದೆ. ಎರಡು ಅವನಿಗೆ ಬಿದ್ದವು, ಒಂದು ಪಾಪದ ಟಗರಿಗೆ. ಅವನು ಓಡಲಿಲ್ಲ. ‘ಬಡೀರಿ ಅಕ್ಕಾರ, ನನ್ನ ಮೊಣಕಾಲ ಬಡದದ್ದು ಖರೆ. ಆದ್ರ ಅವತ್ತ ಅವನ್ನ ಡಾಕ್ಟರ ಕಡೆ ಹೊತ್ತಕೊಂಡು ಹೋದಾವನೂ ನಾನ. ಡಾಕ್ಟರು ನಿಮ್ಮ ಮನಿಯವರಿಗೆ ಏನ ಹೇಳಿದ್ರು, ನಿಮಗ ಗೊತ್ತೈತೇನ್ರಿ?’ ಎಂದ.

ಅವನು ಹೇಳಿದ್ದನ್ನು ನಾನು ನಂಬಲಿಲ್ಲ. ನಿಮ್ಮನ್ನು ನಂಬಿದೆ. ಮರುದಿನದ ಮೋಟಾರು ಹಿಡಿದು ಜತ್ತಿಗೆ ಹೋದೆ. ಆ ಡಾಕ್ಟರು ಊರು ಬಿಟ್ಟು ಎರಡು ವರ್ಷವಾಗಿದೆ, ಅವರ ಕಂಪೌಂಡರ್ ಲಗಮಣ್ಣ ಇದ್ದಾನೆ. ಸೋಮನಿಂಗನ ಹೆಸರು ಹೇಳುತ್ತಲೇ ಔಷಧದ ಬಾಟಲಿ ಕೆಳಗಿಟ್ಟ. ‘ಹೊಟ್ಟ್ಯಾಗ ರಕ್ತ ಒಡದೈತಿ, ಕೂಡಸಬ್ಯಾಡ್ರಿ, ಅಡ್ಡ ಮಲಗಿಸಿ ಈಗಿಂದೀಗ ಮಿರಜಿನ ದೊಡ್ಡ ದವಾಖಾನಿಗೆ ಒಯ್ರಿ ಅಂತ ಡಾಕ್ಟರು ಎರಡ ಸಲ ಹೇಳಿದ್ರವ್ವಾ. ಶೇಂಗಾದ ಲಾರಿ ನಾನ ಕೈ ಮಾಡಿ ನಿಲ್ಲಿಸಿದ್ದೆ. ನಿಮ್ಮ ಯಜಮಾನ್ರು, ಊರಾಗ ಮೆರವಣಿಗಿ ಅದರಿ, ಗೌಡ್ರು ಕಾಯಾಕತ್ತಾರ, ಅದೊಂದ ಮುಗಿಸಿ ಒಯ್ತೀನಿ ಅಂದ್ರು’ ಎಂದ.

ಗೋಲು ಹೊಡೆದವನಿಲ್ಲದೆ ಮೆರವಣಿಗೆ ಇಲ್ಲ. ಮೆರವಣಿಗೆ ಇಲ್ಲದೆ ರುಮಾಲಿಲ್ಲ. ಇಷ್ಟೇ ಅಲ್ಲವೇ ನಿಮ್ಮ ಲೆಕ್ಕ? ಮಲಗಿಸಬೇಕಾದ ಹುಡುಗನನ್ನು ನೀವು ಎರಡು ತಾಸು ಕೂಡಿಸಿ ಕುಣಿಸಿದಿರಿ. ನಮ್ಮವರ ಪದ್ಧತಿಯಂತೆ ಮಣ್ಣಿನಲ್ಲಿಯೂ ಕೂಡಿಸಿಯೇ ಇಟ್ಟೆವು. ಈಗ ಫೋಟೋವನ್ನೂ ಹೆಗಲಿನಿಂದ ಇಳಿಸಲು ಬಿಡುತ್ತಿಲ್ಲ. ಮುಂದೆ ಮುಂದೆ ನಡೆಯುವವರು ನೀವು, ಅದೇ ರುಮಾಲು ಸುತ್ತಿಕೊಂಡು.

ಕಲ್ಲಿನ ಮೇಲೆ ‘ಎದುರಾಳಿಯ ಪೆಟ್ಟಿನಿಂದ ಮಡಿದ’ ಎಂದು ಕೊರೆಯಲು ಹೇಳಿದ್ದೀರಂತೆ. ಬಾಯಿಮಾತಿನ ಸುಳ್ಳು ಮುದುಕರ ಜೊತೆಗೆ ಸಾಯುತ್ತದೆ, ಕಲ್ಲಿನದು ಸಾಯುವುದಿಲ್ಲ. ಆ ಮೂರು ಸೋಮನಿಂಗರು ದೊಡ್ಡವರಾಗಿ ಅದನ್ನು ಓದಿ, ಅಪ್ಪಾಸಾಬನಿಗೆ ಮುಂದೆ ಹುಟ್ಟುವ ಮಕ್ಕಳಿಗೆ ಕಲ್ಲು ಬೀರುತ್ತಾರೆ. ಇದು ಆಗಗೊಡುವುದಿಲ್ಲ.

ಆದ್ದರಿಂದ ಕೇಳಿ. ಜನವರಿ ಆರಕ್ಕೆ ನಾನು ಬರುತ್ತೇನೆ, ಆದರೆ ಆರತಿ ಎತ್ತುವುದಕ್ಕಲ್ಲ. ಹಳದಿ ಅಂಗಿ ಗಾಜಿನೊಳಗೆ ಹೋಗುವುದಿಲ್ಲ. ಅದನ್ನು ಅಪ್ಪಾಸಾಬನಿಗೆ ಕೊಟ್ಟಾಗಿದೆ. ಅವನು ಬೇಡವೆಂದು ಅತ್ತ, ನಾನು ಬಯ್ದು ತೊಡಿಸಿದೆ. ತೋಳು ಬಿಗಿಯಾಗಿತ್ತು, ಹೊಲಿಗೆ ಬಿಚ್ಚಿ ಸರಿ ಮಾಡಿದ್ದೇನೆ. ನೀವು ಖಾಲಿ ಬಿಡುವ ಎಡಗಡೆಯ ಜಾಗದಲ್ಲಿ ಅವತ್ತು ಅವನು ನಿಲ್ಲುತ್ತಾನೆ. ಕಲ್ಲಿನ ಮಾತು ಒಡೆಸಿ, ಡಾಕ್ಟರ ಮಾತು ಕೊರೆಸಬೇಕು. ಫೋಟೋ ಹೆಗಲೇರಬಾರದು. ನೆಲದ ಮೇಲೆ ಕಂಬಳಿ ಹಾಸಿ ಮಲಗಿಸಿ ಇಡಬೇಕು, ಆಟಗಾರರು ಸುತ್ತ ಕುಳಿತುಕೊಳ್ಳಲಿ. ಇಷ್ಟಾದರೆ ಸಾಕು, ಇದು ಗಂಡ ಹೆಂಡಿರ ನಡುವಿನ ಮಾತಾಗಿ ಉಳಿಯುತ್ತದೆ.

ಮನೆಗೆ ಬಾ ಎಂದಿದ್ದೀರಲ್ಲ, ಬರುವುದಿಲ್ಲ. ಕೊರಳಿನ ತಾಳಿಯನ್ನೂ ತೆಗೆಯುವುದಿಲ್ಲ. ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ನಿಮಗೆ ನೂರು ವರ್ಷ ಆಯುಷ್ಯ ಕೊಡು ಎಂದು ದೇವರಲ್ಲಿ ಬೇಡಿಕೊಳ್ಳುತ್ತೇನೆ. ಲಗೂನ ಸತ್ತು ತಪ್ಪಿಸಿಕೊಳ್ಳಬೇಡಿ. ನೂರು ವರ್ಷವೂ ಜನವರಿ ಆರು ಬರಲಿ, ನೂರು ವರ್ಷವೂ ಆ ಹುಡುಗ ನಿಮ್ಮ ಕಿವಿಯಲ್ಲಿ ‘ಮಾಮಾ, ಇಳಸ್ರಿ’ ಎನ್ನಲಿ.

ಸೋಮನಿಂಗನ ಅಕ್ಕ,
ಗುರವ್ವ

ತಾ.ಕ.: ಗಂಡ ಹೆಂಡಿರ ನಡುವಿನ ಮಾತು ಎಂದು ಮೇಲೆ ಬರೆದದ್ದು ಸುಳ್ಳು. ಯಳವಿಯ ಮರಾಠಿ ಸಾಲಿಯಲ್ಲಿ ನಾಲ್ಕು ಇಯತ್ತೆ ಕಲಿತ ನನಗೆ ಮರಾಠಿಯಲ್ಲಿ ಬರೆಯಲು ಚೆನ್ನಾಗಿ ಬರುತ್ತದೆ. ನಿಮಗೆ ಓದಲು ಬರುವುದೂ ಅದೊಂದೇ. ಕನ್ನಡದ ಕಾಗದ ಬಂದರೆ ನೀವು ಒಡೆಯದೆ ಇಟ್ಟು, ಸಂಜೆ ಆಟಕ್ಕೆ ಮೊದಲು ಬೇವಿನ ಮರದ ಕೆಳಗೆ ಎಲ್ಲರೂ ಕೂಡಿದಾಗ ಗೋಲು ಕಾಯುವ ತಮ್ಮಣ್ಣನ ಕೈಗೆ ಗಟ್ಟಿಯಾಗಿ ಓದಲು ಕೊಡುತ್ತೀರಿ. ಹೊಸ ಮದುವೆಯಲ್ಲಿ ಕಾಕನ ಮನೆಯಿಂದ ನಾನು ಬರೆದ ಕಾಗದವನ್ನು ಹಾಗೇ ಓದಿಸಿದಿರಿ, ಇಡೀ ತಂಡ ವರ್ಷಗಟ್ಟಲೆ ನನ್ನನ್ನು ಕಾಡಿಸಿತು. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದೆ, ನೀವು ಅಂಗಿಯ ಸುದ್ದಿಗೆ ಕಿವಿಗೊಟ್ಟು ಕೂಡ್ರಬೇಕೆಂದು ಮೊದಲ ಪುಟವನ್ನು ಮೆತ್ತಗೆ ಬರೆದೆ. ತಮ್ಮಣ್ಣಾ, ನೀನು ನನ್ನ ತಮ್ಮನ ಜೊತೆ ಒಂದೇ ತಾಟಿನಲ್ಲಿ ಉಂಡವನು. ನೀನು ಓದುವ ನಡುವೆ ನಿಮ್ಮ ಕ್ಯಾಪ್ಟನ್ ‘ಸಾಕು, ನಿಲ್ಲಸು’ ಎಂದಿದ್ದರೆ ಎಲ್ಲರೂ ಕೇಳಿಸಿಕೊಂಡಿದ್ದೀರಿ. ಅನ್ನದಿದ್ದರೆ, ಈಗ ತಲೆ ಎತ್ತಿ ಅವರ ಮುಖ ನೋಡು. ಡಾಕ್ಟರು ಹಾಗೆ ಹೇಳಿದ್ದು ಖರೆಯೋ ಸುಳ್ಳೋ ಎಂದು ಹನ್ನೊಂದು ಜನರ ಎದುರಿಗೆ ಕೇಳು.