ಆಯುಧಪೂಜೆಗೆ ಸುಟ್ಟ ರೈಲಿನ ಪೆಟ್ಟಿಗೆ

ಬ್ರೂಕ್‌ಫೀಲ್ಡ್, ಬೆಂಗಳೂರು
೨೭-೧೦-೨೦೨೫, ಸೋಮವಾರ

ಮನೆ ಬಿಟ್ಟು ಮಠ ಸೇರಿರುವ ನಮ್ಮ ಮನೆಯವರಿಗೆ ಶರಣಮ್ಮನ ಶರಣಾರ್ಥಿ.

ಆರೋಗ್ಯ ಹೇಗಿದೆ? ಬಿ.ಪಿ. ಗುಳಿಗೆ ತಪ್ಪದೆ ನುಂಗುತ್ತಿದ್ದೀರಾ? ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ, ಇಲ್ಲ ಅದಕ್ಕೂ ನಾನೇ ಗದಗಿನ ತನಕ ಬರಬೇಕಾ? ದಾಸೋಹದ ಸಾರು ರುಚಿ ಎಂದು ಎರಡೆರಡು ಸಲ ಹಾಕಿಸಿಕೊಳ್ಳಬೇಡಿ, ಖಾರ ನಿಮಗೆ ಆಗುವುದಿಲ್ಲ. ಇದನ್ನೆಲ್ಲ ಮೊದಲೇ ಕೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಂದೆ ಬರೆಯುವುದೆಲ್ಲ ಬೈಗುಳ. ಫೋನು ಮಾಡಿದರೆ ‘ಪೂಜಿ ನಡದೈತಿ, ಆಮ್ಯಾಲ ಮಾಡ್ತೀನಿ’ ಎಂದು ಇಟ್ಟುಬಿಡುತ್ತೀರಿ. ದೀಪಾವಳಿಗೂ ಬರಲಿಲ್ಲ. ಕಾಗದವನ್ನು ಹಾಗೆ ಅರ್ಧಕ್ಕೆ ಇಡಲು ಬರುವುದಿಲ್ಲ, ಕೂತು ಓದಿ.

ಆಯುಧಪೂಜೆಯ ದಿನದಿಂದಲೇ ಶುರು ಮಾಡುತ್ತೇನೆ. ಮಗನ ಕಾರು, ಸೊಸೆಯ ಸ್ಕೂಟರು, ಇಬ್ಬರ ಲ್ಯಾಪ್‌ಟಾಪು, ಮಿಕ್ಸರು, ಈಳಿಗೆ ಮಣೆ, ಎಲ್ಲಕ್ಕೂ ವಿಭೂತಿ ಹಚ್ಚಿ ಹೂವು ಏರಿಸಿದ ಮೇಲೆ ‘ನನ್ನ ರೈಲಿಗೆ ಪೂಜಿ ಇಲ್ಲೇನು?’ ಎಂದು ಕೂಗಿದ್ದು ನೀವೇ ತಾನೆ? ಹೋಗಲಿ ಪಾಪ ಎಂದು ತಟ್ಟೆ ಹಿಡಿದು ಬಂದೆ. ಬಾಲ್ಕನಿಯನ್ನೆಲ್ಲ ನುಂಗಿ ಕೂತಿರುವ ಆ ಮೇಜು, ಅದರ ಮೇಲಿನ ಹಳಿ, ಆಟಿಕೆಯಂಥ ಎಂಜಿನ್ನು, ಅದಕ್ಕೆ ಹುಕುಂ ಕೊಡುವ ಕಂಟ್ರೋಲರು, ಇಷ್ಟಕ್ಕೂ ಕರೆಂಟು ಒದಗಿಸುವ ನಿಮ್ಮ ಹಳೆಯ ಪವರ್ ಸಪ್ಲೈ ಪೆಟ್ಟಿಗೆ. ಎಂಜಿನ್ನಿಗೆ ಮೂರು ಬೆರಳು ಹಿಡಿಸದೆಂದು ಒಂದೇ ಬೆರಳಿನಲ್ಲಿ ವಿಭೂತಿ ಎಳೆದೆ. ಪೆಟ್ಟಿಗೆಗೆ ಜಾಗವಿತ್ತು, ಮೂರೂ ಎಳೆದೆ. ಹೂವನ್ನು ನೀರಿನಲ್ಲಿ ಅದ್ದಿ ಎಲ್ಲದರ ಮೇಲೂ ಚಿಮುಕಿಸಿದೆ. ನೀವು ಪಕ್ಕದಲ್ಲೇ ಕೈಮುಗಿದು ನಿಂತಿದ್ದಿರಿ. ನೀರು ಬೇಡ ಎನ್ನಲಿಲ್ಲ. ಮೇಲಿನ ಮನೆಯ ಉಮಾಶ್ರೀ ಮತ್ತು ಅವರ ಗಂಡ ಊಟಕ್ಕೆ ಬಂದಿದ್ದರಲ್ಲ, ಅವರಿಗೆ ರೈಲು ಓಡಿಸಿ ತೋರಿಸುವ ಆತುರ ನಿಮಗೆ. ನಾನು ಒಳಗೆ ಹೋಗಿ ಬಡಿಸಲು ತರುವಷ್ಟರಲ್ಲಿ, ಒದ್ದೆ ಆರುವ ಮೊದಲೇ ಸ್ವಿಚ್ಚು ಒತ್ತಿದಿರಿ. ಢಬ್ ಎಂದಿತು, ಪೆಟ್ಟಿಗೆಯಿಂದ ಹೊಗೆ ಎದ್ದಿತು, ಮನೆಯ ತುಂಬ ಸುಟ್ಟ ವಾಸನೆ.

ಆಗ ನೀವು ಆಡಿದ ಮಾತನ್ನು ಇಲ್ಲಿ ಬರೆಯುತ್ತೇನೆ, ಮರೆತಿದ್ದರೆ ನೆನಪಾಗಲಿ. ‘ಇಕಿ ಕೈ ಹಚ್ಚಿದ್ದು ಯಾವುದು ಉಳದೈತ್ರಿ? ತಲ್ಯಾಗ ಮಿದುಳಂಬೂದ ಇಲ್ಲ.’ ನೆರೆಯವರ ಎದುರು, ಸೊಸೆಯ ಎದುರು. ನನ್ನ ಕೈಯಲ್ಲಿ ಹೋಳಿಗೆಗೆ ಬಡಿಸುವ ತುಪ್ಪದ ಬಟ್ಟಲು ಇತ್ತು. ಅದನ್ನು ನಿಮ್ಮ ತಲೆಯ ಮೇಲೆ ಸುರಿಯದೆ ಬಂದವರ ಎಲೆಗೆ ಬಡಿಸಿದೆನಲ್ಲ, ನನ್ನ ಪುಣ್ಯವಲ್ಲ, ನಿಮ್ಮ ಪುಣ್ಯ. ಮಾರನೆಯ ದಿನ ‘ಮನಸ್ಸಿಗೆ ಸಮಾಧಾನ ಇಲ್ಲ’ ಎಂದು ಚೀಲ ಹೆಗಲಿಗೇರಿಸಿಕೊಂಡು ಹೊರಟಿರಿ. ಸಮಾಧಾನ ಇಲ್ಲದಿದ್ದುದು ಯಾರಿಗೆ ಸ್ವಾಮಿ? ಬೈದವರು ನೀವು, ಬೈಸಿಕೊಂಡವಳು ನಾನು, ಮಠಕ್ಕೆ ಹೋದವರೂ ನೀವೇ.

ನೀವು ಹೋದ ಮೇಲೆ ಈ ಮನೆಯಲ್ಲಿ ನನ್ನ ಗತಿ ಏನಾಗಿದೆ ಕೇಳಿ. ಸ್ಫೂರ್ತಿ ಕೆಟ್ಟವಳಲ್ಲ, ಸೊಸೆಯಾದರೂ ಮಗಳ ಹಾಗೇ ಇದ್ದಾಳೆ. ಆದರೆ ನಾನು ಮಿಕ್ಸರಿನ ಹತ್ತಿರ ಹೋದರೆ ಓಡಿಬರುತ್ತಾಳೆ, ‘ಅತ್ತೆ, ನೀವ್ ಬಿಡಿ, ನಾನ್ ಹಾಕ್ತೀನಿ.’ ಗೀಸರಿನ ಸ್ವಿಚ್ಚನ್ನೂ ಅವಳೇ ಹಾಕಿಕೊಡುತ್ತಾಳೆ. ದೀಪಾವಳಿಯ ಲಕ್ಷ್ಮೀಪೂಜೆಗೆ ನಾನು ನೀರಿನ ತಂಬಿಗೆ ಎತ್ತಿದ್ದೇ ತಡ, ನಿಮ್ಮ ಮಗ ಮಲ್ಲಿಕ್ ಎದ್ದು ಇಂಟರ್ನೆಟ್ಟಿನ ಡಬ್ಬಿಯನ್ನು ಕಪಾಟಿನ ಮೇಲೆ ಇಟ್ಟ. ಇಟ್ಟು ನಕ್ಕ. ಇಷ್ಟು ವರ್ಷ ಇವರಿಗೆಲ್ಲ ಬೇಯಿಸಿ ಹಾಕಿದವಳು ನಾನು, ಈಗ ಒಂದು ಸ್ವಿಚ್ಚು ಒತ್ತಲು ಅಪ್ಪಣೆ ಬೇಕು. ನನಗೆ ತುಂಬ ನೋವಾಯಿತು. ಅವರನ್ನು ಬೈಯಲೂ ಆಗದು, ಮಿದುಳಿಲ್ಲ ಎಂದು ಹೇಳಿಕೊಟ್ಟವರು ಹಿರಿಯರೇ ಅಲ್ಲವೇ?

ಅದಕ್ಕೇ ಆ ರೈಲನ್ನು ನಾನೇ ಸರಿ ಮಾಡಿಸಬೇಕೆಂದು ಹಟ ಹಿಡಿದೆ. ಮಲ್ಲಿಕ್ ತನ್ನ ಲ್ಯಾಪ್‌ಟಾಪಿನ ಹಳೆಯ ಚಾರ್ಜರು ಸಿಕ್ಕಿಸಿದರೆ ಓಡುತ್ತದೆ ಎಂದ. ಸದ್ಯ, ಅವನಿಗೆ ಪುರುಸೊತ್ತು ಸಿಗಲಿಲ್ಲ. ಶನಿವಾರ ಪೆಟ್ಟಿಗೆ, ಕಂಟ್ರೋಲರು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಕುಂದಲಹಳ್ಳಿಯಲ್ಲಿ ಮೆಟ್ರೋ ಹತ್ತಲು ಹೋದೆ. ಚೀಲ ನೋಡುವ ಮಷೀನಿನ ಹತ್ತಿರ ತಡೆದರು. ಸುಟ್ಟ ಡಬ್ಬಿ, ತುಂಬ ವೈರು, ಯಾರಾದರೂ ತಡೆಯುತ್ತಾರೆ. ಏನಮ್ಮ ಇದು ಎಂದು ಆ ಹುಡುಗಿ ಕೇಳಿದಳು. ‘ನಮ್ಮನಿಯವರ ಪ್ರಾಣ ತಾಯಿ, ರಿಪೇರಿಗೆ ಒಯ್ಯಾಕತ್ತೀನಿ’ ಎಂದೆ. ಬಿಟ್ಟಳು. ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಪೀಣ್ಯಕ್ಕೆ ಹೋಗಿ ಪಂಚಾಕ್ಷರಿಯ ಶೆಡ್ಡು ಹುಡುಕಿದೆ. ನನ್ನ ತವರಿನ ಪಕ್ಕದ ಮನೆಯವನು, ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುವ ಕೆಲಸ ನಡೆಸುತ್ತಾನಲ್ಲ, ಅವನೇ. ಚಹಾ ತರಿಸಿಕೊಟ್ಟು ಪೆಟ್ಟಿಗೆಯ ಸ್ಕ್ರೂ ಬಿಚ್ಚಿದ.

ಬಿಚ್ಚಿ ಅವನು ಹೇಳಿದ್ದಿಷ್ಟು. ‘ದೊಡ್ಡವ್ವ, ನೀರು ಹೋಗಿದ್ದಕ್ಕ ಫ್ಯೂಸ್ ಹಾರತಿತ್ತು, ಅಷ್ಟ. ಪೆಟ್ಟಿಗಿ ಸುಡತಿರಲಿಲ್ಲ. ಫ್ಯೂಸ್ ಇರೂ ಜಾಗಾದಾಗ ತಂತಿ ಕಟ್ಯಾರ.’ ದಪ್ಪ ತಾಮ್ರದ ತಂತಿ. ಎರಡು ಸುತ್ತು ಸುತ್ತಿ, ತುದಿಯನ್ನು ಇಕ್ಕಳದಿಂದ ಹಿಂದಕ್ಕೆ ಮಡಚಿದ್ದು. ಬಟ್ಟೆ ಒಣಹಾಕುವ ತಂತಿಗೂ ಮುರಿದ ಕೊಡೆಯ ಕಡ್ಡಿಗೂ ನೀವು ಹೀಗೇ ತಾನೆ ಮಡಚುವುದು? ನಿಮ್ಮ ಕೈಗಂಟು ನನಗೆ ಗೊತ್ತಿಲ್ಲವೇ? ರೈಲ್ವೆಯಲ್ಲಿ ಸಿಗ್ನಲ್ ಇನ್ಸ್‌ಪೆಕ್ಟರ್ ಆಗಿದ್ದಾಗ, ಫ್ಯೂಸಿನ ಬದಲು ತಂತಿ ಕಟ್ಟಿದ ಪಾಪದವನೊಬ್ಬನಿಗೆ ಮೆಮೊ ಕೊಟ್ಟು ಬಂದು ನನ್ನೆದುರು ಮೀಸೆ ತಿರುವಿದ್ದಿರಿ. ಫ್ಯೂಸು ಪದೇ ಪದೇ ಹಾರಿದರೆ ಅಂಗಡಿಗೆ ಹೋಗಿ ಒಂದು ತರಲು ನಿಮಗೆ ಸೋಮಾರಿತನ. ಇದೇ ಕೆಲಸವನ್ನು ಬೇರೆ ಯಾರಾದರೂ ಮಾಡಿದ್ದರೆ ನೀವು ಎಷ್ಟು ಕೂಗಾಡುತ್ತಿದ್ದಿರಿ!

ಮತ್ತೆ, ಅದು ನಿಮಗೆ ಆ ಹೊತ್ತಿನಲ್ಲೇ ಗೊತ್ತಿತ್ತು. ಹೊಗೆ ಎದ್ದಾಗ ನಿಮ್ಮ ಕಣ್ಣು ಮೊದಲು ಹೋಗಿದ್ದು ಪೆಟ್ಟಿಗೆಯ ಬೆನ್ನಿಗೆ, ಫ್ಯೂಸಿನ ಜಾಗಕ್ಕೆ, ಆಮೇಲೆ ನನ್ನ ಕಡೆಗೆ. ಅಂದು ನನಗೆ ಅರ್ಥವಾಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀವು ಹೆಗಲು ಮುಟ್ಟಿಕೊಳ್ಳುತ್ತಾ ಗದಗಿನ ತನಕ ಹೋಗಿಬಿಟ್ಟಿರಿ. ನನ್ನ ಮೇಲಿನ ಸಿಟ್ಟಿಗೆ ಹೋದಿರಿ ಎಂದುಕೊಂಡು ನಾನು ಇಲ್ಲಿ ಅತ್ತಿದ್ದೂ ಉಂಟು. ಆ ಕಣ್ಣೀರು ದಂಡ.

ಹಳೆಯದು ರಿಪೇರಿಗೆ ಬರುವಂತಿರಲಿಲ್ಲ. ಕಂಟ್ರೋಲರಿನ ಹೊಟ್ಟೆಯ ಕೆಳಗೆ ಎಷ್ಟು ವೋಲ್ಟು ಬೇಕೆಂದು ಬರೆದಿದೆ. ಅದನ್ನು ನೋಡಿ ಪಂಚಾಕ್ಷರಿ ಅಷ್ಟೇ ವೋಲ್ಟಿನ ಹೊಸದನ್ನು ಕೊಡಿಸಿದ. ಮಲ್ಲಿಕ್‌ನ ಚಾರ್ಜರಿನದು ಅದಕ್ಕಿಂತ ಜಾಸ್ತಿ, ಹಾಕಿದ್ದರೆ ಕಂಟ್ರೋಲರೂ ಹೋಗುತ್ತಿತ್ತಂತೆ. ಮನೆಗೆ ಬಂದು ಯಾರನ್ನೂ ಕರೆಯದೆ ನಾನೇ ಜೋಡಿಸಿದೆ. ಕೈಯೊರೆಸಿಕೊಂಡು ಸ್ವಿಚ್ಚು ಒತ್ತಿದೆ. ಎಂಜಿನ್ನು ಒಮ್ಮೆ ಸಿಳ್ಳೆ ಹಾಕಿ ಹೊರಟೇಬಿಟ್ಟಿತು. ಸ್ಫೂರ್ತಿ ಬಾಗಿಲಲ್ಲಿ ನಿಂತು ನೋಡಿ, ‘ಯಾರ್ ಬಂದ್ ಮಾಡ್ಕೊಟ್ರು ಅತ್ತೆ?’ ಎಂದಳು.

ಮಠದ ಅಜ್ಜಾರಿಗೆ ನನ್ನ ಶರಣು ತಿಳಿಸಿ. ಮಲ್ಲಿಕ್, ಸ್ಫೂರ್ತಿ ನಿಮಗೆ ನಮಸ್ಕಾರ ಹೇಳಿದ್ದಾರೆ. ಅಲ್ಲಿ ಚಳಿ ಶುರುವಾಗಿದ್ದರೆ ಕಿವಿಗೆ ಟವೆಲ್ಲು ಸುತ್ತಿಕೊಳ್ಳಿ. ಬೈದದ್ದಕ್ಕೆ ಕ್ಷಮೆ ಕೇಳುವುದಿಲ್ಲ.

ಇಂತಿ, ಸಿಟ್ಟು ಇಳಿಯದಿದ್ದರೂ ನಿಮ್ಮವಳೇ ಆದ
ಶರಣಮ್ಮ

ತಾ.ಕ.: ಬರೆಯಬಾರದು ಎಂದುಕೊಂಡಿದ್ದೆ, ಲಕೋಟೆ ಅಂಟಿಸುವ ಮೊದಲು ಬರೆದುಬಿಡುತ್ತೇನೆ. ಪಂಚಾಕ್ಷರಿ ಆ ತಂತಿ ಎತ್ತಿ ಹಿಡಿದು, ‘ಇದನ್ನ ಯಾರು ಕಟ್ಟಿದ್ರು ದೊಡ್ಡವ್ವ?’ ಎಂದು ಕೇಳಿದ. ಶೆಡ್ಡಿನ ಕೆಲಸದವರೆಲ್ಲ ನನ್ನನ್ನೇ ನೋಡುತ್ತಿದ್ದರು. ‘ನಾನ ಕಟ್ಟಿದ್ದೆ’ ಎಂದೆ. ಯೋಚಿಸಲೂ ಇಲ್ಲ, ಬಾಯಿಗೆ ಬಂದದ್ದೇ ಅದು. ಅವರು ನಕ್ಕರು, ನಾನೂ ನಕ್ಕೆ. ಮೆಟ್ರೋದಲ್ಲಿ ಕೂತ ಮೇಲೆ ಗೊತ್ತಾಯಿತು, ನಿಮ್ಮ ಮೇಲಿನ ಸಿಟ್ಟಿಗಿಂತ ನನ್ನ ಆ ಬಾಯಿಯ ಮೇಲಿನ ಸಿಟ್ಟೇ ದೊಡ್ಡದು. ತಂತಿಯ ವಿಷಯ ಮನೆಯಲ್ಲಿ ಯಾರಿಗೂ ಇನ್ನೂ ಹೇಳಿಲ್ಲ. ಬರುವ ರವಿವಾರ ಉಮಾಶ್ರೀ ಮತ್ತು ಅವರ ಗಂಡನನ್ನು ಮತ್ತೆ ಊಟಕ್ಕೆ ಕರೆದಿದ್ದೇನೆ. ಓಡುವ ರೈಲು ನೋಡಿ, ಪೆಟ್ಟಿಗೆ ಯಾಕೆ ಸುಟ್ಟಿತ್ತು ಎಂದು ಅವರು ಕೇಳಿಯೇ ಕೇಳುತ್ತಾರೆ. ಈ ಸಲ ‘ನಾನು’ ಎಂದು ನಾನು ಹೇಳುವುದಿಲ್ಲ. ಅಷ್ಟರೊಳಗೆ ಬಂದು ನೀವು ಹೇಳಿ.